ಗುರುತಿಸಿ, ಕಾರಣ ಕೊಡಿ

ಅವರು ಕುಡಿಯುತ್ತಿರಲಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ಮೂರು ವಾರದ ಹಿಂದೆ ನಮ್ಮ ಬಿ.ಎಸ್ಸಿ. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿದ್ದ ಅಟೆಂಡರ್ ಅಣ್ಣ ತೀರಿಕೊಂಡರು ಎಂದು. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಸತ್ತವರಿಗೆ ಕೈಮುಗಿದ ಚಿತ್ರ, ಇವೆರಡು ಬಿಟ್ಟರೆ ಬೇರೇನೂ ಬಾರದ ಗುಂಪು ಅದು. ಒಬ್ಬ ‘ದೇವರಂಥ ಮನುಷ್ಯ’ ಎಂದು ಬರೆದ. ಇನ್ನೊಬ್ಬಳು ‘ನಮಗೆಲ್ಲ ಹೇಳಿಕೊಟ್ಟು ಪಾಸು ಮಾಡಿಸಿದರು’ ಎಂದಳು. ಕೊನೆಗೆ ನಮಗೆ ಪ್ರಾಣಿಶಾಸ್ತ್ರ ಕಲಿಸಿದ ಸರ್ ಬರೆದರು. ನಿವೃತ್ತರಾಗಿ ಕೋಲಾರದಲ್ಲಿದ್ದಾರೆ, ದಿನಾ ಬೆಳಗ್ಗೆ ಗುಂಪಿಗೆ ಒಂದು ಸುಭಾಷಿತ ಕಳಿಸುತ್ತಾರೆ. ‘ನನಗೆ ಸ್ವಂತ ತಮ್ಮನಂತಿದ್ದ. ಸ್ವಲ್ಪ ಕುಡಿತದ ಚಟ ಇತ್ತು. ಅದೊಂದು ಬಿಟ್ಟರೆ ಚಿನ್ನದಂಥ ಮನುಷ್ಯ.’ ಅದಕ್ಕೆ ಹದಿನಾಲ್ಕು ಜನ ಹೃದಯದ ಗುರುತು ಒತ್ತಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾಲೂರಿನ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ, ಮುಂದೆ ಮಕ್ಕಳ ಬಯಾಲಜಿ ರೆಕಾರ್ಡುಗಳ ರಾಶಿ. ಏನೋ ಟೈಪು ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಯಾಕೆಂದರೆ ಆ ಕುಡಿತದ ಚಟವನ್ನು ಅವರಿಗೆ ಅಂಟಿಸಿದ ಕೈ ನನ್ನದು.

ದೇವರಂಥ ಮನುಷ್ಯ ಅಂತೂ ಅವರು ಅಲ್ಲ. ಹಾಗೆ ಬರೆದವನಿಗೆ ಅವರ ಬಾಯಿಯ ನೆನಪಿಲ್ಲ ಅಂತ ಕಾಣುತ್ತದೆ. ಗೌನಿಪಲ್ಲಿ ಕಡೆಯವರು, ಮನೆಮಾತು ತೆಲುಗು. ಬೈಗುಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಕುಳ್ಳಗಿನ ಆಳು, ಮೊಣಕೈವರೆಗೆ ಮಡಚಿದ ಖಾಕಿ ಶರ್ಟು, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಡಿಸೆಕ್ಷನ್ ಸೂಜಿ. ಸ್ಲೈಡು ಒಡೆದವರನ್ನು ಇಡೀ ಲ್ಯಾಬಿನ ಮುಂದೆ ನಿಲ್ಲಿಸಿ ಅವರ ವಂಶದವರನ್ನೆಲ್ಲ ಕರೆತರುತ್ತಿದ್ದರು. ಹುಡುಗರು ಹಿಂದಿನಿಂದ ಅಣಕಿಸುತ್ತಿದ್ದರು, ಎದುರಿಗೆ ಬಂದರೆ ‘ಅಣ್ಣಾ’ ಎನ್ನುತ್ತಿದ್ದರು.

ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಚಮಚದಲ್ಲಿ ತಿನ್ನುವವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಮಧ್ಯಾಹ್ನ ಲ್ಯಾಬಿನ ಹಿಂದಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ, ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ, ಸಾರಿಗೆ ಅದ್ದಿ ಬಾಯಿಗಿಡುತ್ತಿದ್ದರು. ನಾವು ಹುಡುಗಿಯರು ಬೇಕಂತಲೇ ಆ ಕಡೆ ಸುತ್ತಿ ಹೋಗಿ ಕಿಸಿಕಿಸಿ ನಗುತ್ತಿದ್ದೆವು. ಒಂದು ದಿನ ನನ್ನ ಗೆಳತಿ ಸುಜಾತ ಕೇಳಿಯೇಬಿಟ್ಟಳು.

“ಯಾಕಣ್ಣಾ, ಸಾಹೇಬ್ರ ಥರ ಚಮಚ?”

“ಮೂಸಿ ನೋಡಮ್ಮಾ” ಎಂದು ಕೈ ಮುಂದೆ ಚಾಚಿದರು. ಬೆರಳ ತುದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಸತ್ತ ಪ್ರಾಣಿ ಕೊಳೆಯದಂತೆ ಸೀಸೆಗೆ ಹಾಕುವ ಫಾರ್ಮಲಿನ್ ವಾಸನೆಗೆ ನಮ್ಮ ಕಣ್ಣಲ್ಲಿ ನೀರು ಬಂತು. “ಸೋಪು ಹಾಕಿದ್ರೂ ಹೋಗಲ್ಲ, ಹುಣಸೆಹಣ್ಣು ಹಾಕಿದ್ರೂ ಹೋಗಲ್ಲ. ಈ ಕೈಯಲ್ಲಿ ಉಣ್ಣೋಕಾಗ್ತದಾ?”

ನಕ್ಕು ಬಂದೆವು. ಆ ವಾಸನೆಯನ್ನು ನೆನಪಿಟ್ಟುಕೊಳ್ಳಬೇಕಾಗಿತ್ತು.

ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಎಂದರೆ ವರ್ಗೀಕರಣ ಮತ್ತು ವಿಕಾಸ. ಮೇಜಿನ ಮೇಲೆ ಸಾಲಾಗಿ ಸೀಸೆಗಳು, ಒಳಗೆ ಫಾರ್ಮಲಿನ್‌ನಲ್ಲಿ ಮುಳುಗಿದ ಪ್ರಾಣಿಗಳು. ಅವಕ್ಕೆ ಸ್ಪಾಟರ್ ಅನ್ನುತ್ತೇವೆ. ಪ್ರಶ್ನೆ ಎಲ್ಲಕ್ಕೂ ಒಂದೇ: ಗುರುತಿಸಿ, ವರ್ಗೀಕರಿಸಿ, ಕಾರಣ ಕೊಡಿ. ಪರೀಕ್ಷೆ ಬರುತ್ತಿದ್ದುದು ಮಾವಿನ ಕಾಲದಲ್ಲಿ. ಶ್ರೀನಿವಾಸಪುರ ಕಡೆಯ ಹುಡುಗರು ಹಿಂದಿನ ದಿನವೇ ಲ್ಯಾಬಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಹಣ್ಣು ಇಟ್ಟುಹೋಗುವುದು ಪದ್ಧತಿ. ಅದಕ್ಕೆ ಪ್ರತಿಯಾಗಿ ಅಟೆಂಡರ್ ಮೇಜು ಒರೆಸುವ ನೆಪದಲ್ಲಿ ಪಕ್ಕಕ್ಕೆ ಬಂದು ಕೆಮ್ಮಬೇಕು. ಮೀನಾದರೆ ಒಂದು ಕೆಮ್ಮು, ಕಪ್ಪೆಯ ಕುಲವಾದರೆ ಎರಡು, ಹಾವು ಹಲ್ಲಿಯಾದರೆ ಮೂರು. ಇವರಿಗಿಂತ ಮೊದಲಿದ್ದ ಅಟೆಂಡರ್ ಹಾಗೆ ಕೆಮ್ಮಿ ಕೆಮ್ಮಿ ಎಷ್ಟೋ ಬ್ಯಾಚುಗಳನ್ನು ದಾಟಿಸಿದ್ದರಂತೆ. ಇವರು ಬಂದ ವರ್ಷ ಹಣ್ಣು ತಿಂದರು, ಕಸ ಗುಡಿಸುವವರನ್ನೂ ಕರೆದು ತಿನ್ನಿಸಿದರು, ಪರೀಕ್ಷೆಯಲ್ಲಿ ಬಾಯಿ ಹೊಲಿದುಕೊಂಡು ನಿಂತರು. ಹುಡುಗರು ಹೊರಗೆ ಹಿಡಿದುಕೊಂಡರಂತೆ.

“ಅಣ್ಣಾ, ಹಣ್ಣು ತಿಂದ್ರಲ್ಲ.”

“ತಿಂದೆ ಕಣ್ರೋ. ಬಾದಾಮಿ ಅಲ್ವಾ? ಚೆನ್ನಾಗಿತ್ತು.”

“ಕೆಮ್ಮಲೇ ಇಲ್ಲ.”

“ಕೆಮ್ಮು ಬಂದ್ರೆ ತಾನೇ ಕೆಮ್ಮೋದು. ನಂಗೇನ್ ರೋಗಾನಾ?”

ಕೆಮ್ಮು ನಿಂತ ಮೇಲೆ ಹುಟ್ಟಿದ್ದು ಸೀಸೆ ಚೀಟಿ. ಲ್ಯಾಬಿನ ಸೀಸೆಗಳೆಲ್ಲ ಹಳೆಯವು, ಒಂದೊಂದಕ್ಕೂ ಒಂದೊಂದು ಊನ. ಯಾರೋ ಸೀನಿಯರ್ ಪಟ್ಟಿ ಮಾಡಿಟ್ಟಿದ್ದ. ಮುಚ್ಚಳ ಸೀಳಿದ್ದು ಇಕ್ತಿಯೋಫಿಸ್, ಕುತ್ತಿಗೆಗೆ ಕಪ್ಪು ದಾರ ಕಟ್ಟಿದ್ದು ಕುರುಡು ಹಾವು, ನೀರು ಹಳದಿಯಾದದ್ದು ಬಲಾನೋಗ್ಲಾಸಸ್ ಎಂಬ ಕಡಲ ಹುಳು, ಹೀಗೆ ಮೂವತ್ತು. ಆ ಚೀಟಿ ಬ್ಯಾಚಿನಿಂದ ಬ್ಯಾಚಿಗೆ ಜೆರಾಕ್ಸ್ ಆಗಿ ಬರುತ್ತಿತ್ತು. ನಾವು ಪ್ರಾಣಿ ಓದಲಿಲ್ಲ, ಮುಚ್ಚಳ ಓದಿದೆವು. ನಮ್ಮ ಸರ್‌ಗೂ ಇದು ಗೊತ್ತಿತ್ತು. ಗೊತ್ತಿರುವುದೇನು ಬಂತು, ಅವರು ಪಾಠ ಮಾಡುತ್ತಿದ್ದದ್ದೇ ಹಾಗೆ. “ಆ ಮುಚ್ಚಳ ಸೀಳಿದೆಯಲ್ಲ, ಅದು ಇಕ್ತಿಯೋಫಿಸ್, ಬರ್ಕೊಳ್ಳಿ” ಎಂದು ಕುರ್ಚಿಯಿಂದ ಏಳದೆ ಹೇಳುತ್ತಿದ್ದರು.

ರೆಕಾರ್ಡ್ ಮುಗಿಸಲು ಒಂದು ಸಂಜೆ ನಾನೂ ಸುಜಾತಳೂ ಲ್ಯಾಬಿನಲ್ಲಿ ಉಳಿದಿದ್ದೆವು. ನಾನು ಪ್ರಾಣಿಗಳ ಹೆಸರು ಉರು ಹೊಡೆಯುತ್ತಿದ್ದೆ. ಎರಡೆರಡು ಪದದ ಲ್ಯಾಟಿನ್ ಹೆಸರುಗಳು, ಯಾವುದು ಮೊದಲು ಯಾವುದು ಆಮೇಲೆ ಎಂದು ತಡವರಿಸುತ್ತಿದ್ದೆ. ಟ್ರೇ ತೊಳೆಯುತ್ತಿದ್ದ ಅಟೆಂಡರ್ ಅಣ್ಣ ಅಲ್ಲಿಂದಲೇ ಹೇಳಿದರು.

“ಪೇರು ಕಾದಮ್ಮಾ, ಇಂಟಿಪೇರು ಚೆಪ್ಪು.” ಹೆಸರಲ್ಲ, ಮನೆತನದ ಹೆಸರು ಹೇಳು ಎಂದು. ಆಮೇಲೆ ಕನ್ನಡಕ್ಕೆ ಬಂದರು. “ನಮ್ ಕಡೆ ಇಂಟಿಪೇರು ಮೊದ್ಲು ಬರ್ತದೆ, ಸ್ವಂತ ಹೆಸರು ಆಮೇಲೆ. ಇಂಟಿಪೇರು ಕೇಳಿದ್ರೆ ಯಾರ ಕಡೆಯೋನು, ಹೆಣ್ಣು ಕೊಡಬೋದಾ ತರಬೋದಾ, ಎಲ್ಲಾ ಗೊತ್ತಾಗ್ತದೆ. ಇವಕ್ಕೂ ಅಷ್ಟೇ. ಮೊದಲ್ನೇದು ಮನೆತನ. ಅದು ಗೊತ್ತಾದ್ರೆ ಅಣ್ಣತಮ್ಮಂದ್ರು ಯಾರು, ದಾಯಾದಿ ಯಾರು, ನೀನೇ ಹೇಳ್ತೀಯ.”

ಸರ್ ಎರಡು ತರಗತಿ ತೆಗೆದುಕೊಂಡು ಗೋಜಲು ಮಾಡಿದ್ದನ್ನು ಇವರು ಟ್ರೇ ತೊಳೆಯುತ್ತಾ ಹೇಳಿ ಮುಗಿಸಿದ್ದರು. ಇವತ್ತು ನಾನು ಮಕ್ಕಳಿಗೆ ಹೇಳುವುದೂ ಇದನ್ನೇ. ಆದರೆ ಆವತ್ತು ನನಗೆ ಅನಿಸಿದ್ದು, ಅಟೆಂಡರ್ ನನಗೆ ಪಾಠ ಹೇಳಲು ಬಂದನಲ್ಲ ಎಂದು. ಆ ಕೊಬ್ಬು ನನಗಿತ್ತು, ಸುಳ್ಳು ಹೇಳುವುದಿಲ್ಲ.

ಸ್ಟಡಿ ಹಾಲಿಡೇಸ್‌ಗೆ ಮೊದಲಿನ ಕೊನೆಯ ದಿನ ತರಗತಿಯ ಬಾಗಿಲಲ್ಲಿ ನಿಂತು, “ಸೀಸೆ ನಂಬ್ಕೊಂಡು ಕೂತ್ಕೋಬೇಡಿ. ಲ್ಯಾಬ್‌ಗೆ ಬನ್ನಿ, ನಾನಿರ್ತೀನಿ. ಪ್ರಾಣಿ ನೋಡ್ಕೊಳ್ಳಿ” ಎಂದರು. ಹಿಂದಿನ ಬೆಂಚಿನವನೊಬ್ಬ “ಅಣ್ಣಂಗೆ ಹಣ್ಣು ಬೇಕಂತೆ” ಎಂದ. ಎಲ್ಲರೂ ನಕ್ಕರು. ಒಬ್ಬರೂ ಹೋಗಲಿಲ್ಲ.

ನಾಲ್ಕು ವರ್ಷದಿಂದ ಅವರು ಹೊಸ ಸೀಸೆ ಕೇಳುತ್ತಲೇ ಇದ್ದರು. ಹಳೆಯ ಮುಚ್ಚಳಗಳಿಂದ ಫಾರ್ಮಲಿನ್ ಆರಿ ಪ್ರಾಣಿಗಳು ಕೊಳೆಯುತ್ತಿದ್ದವು. ಆ ರಜೆಯಲ್ಲಿ ಸೀಸೆ ಬಂದವು. “ಹಾಕಿಬಿಡ್ಲಾ ಸಾರ್?” ಎಂದು ಕೇಳಿದ್ದಕ್ಕೆ ಸರ್ ತಲೆಯೆತ್ತದೆ “ಏನಾದ್ರೂ ಮಾಡ್ಕೋ” ಎಂದಿದ್ದರಂತೆ. ಒಂದು ವಾರ ಒಬ್ಬರೇ ಕೂತು, ಕಿಟಕಿ ಸರಿಯಾಗಿ ತೆರೆಯದ ಆ ಕೋಣೆಯಲ್ಲಿ, ಒಂದೊಂದನ್ನೂ ತೊಳೆದು, ಹೊಸ ಫಾರ್ಮಲಿನ್ ಹಾಕಿ, ಹೊಸ ಸೀಸೆಗೆ ಇಳಿಸಿದರು.

ಪರೀಕ್ಷೆಯ ದಿನ ಒಳಗೆ ಹೋದರೆ ಮೇಜಿನ ಮೇಲೆ ಒಂದೇ ಅಳತೆಯ, ಒಂದೇ ಮುಚ್ಚಳದ, ಫಳಫಳ ಹೊಳೆಯುವ ಸೀಸೆಗಳು. ಕುರುಡುಮಲೆ ಪಕ್ಕದ ನಮ್ಮೂರಿನಿಂದ ಡಿಗ್ರಿಗೆ ಬಂದ ಹುಡುಗಿ ನಾನೊಬ್ಬಳೇ. ಅಪ್ಪ ಖಡಾಖಂಡಿತ ಹೇಳಿದ್ದರು, “ಒಂದು ಸಬ್ಜೆಕ್ಟ್ ಹೋದ್ರೂ ಸಾಕು, ಪುಸ್ತಕ ಕಟ್ಟಿಟ್ಟು ಮನೆಗೆ ಬಂದ್ಬಿಡು. ಗಂಡು ನೋಡಿಟ್ಟಿದೀನಿ.” ನನ್ನ ಓದು ಆ ಮೇಜಿನ ಮೇಲಿತ್ತು, ನನಗೆ ಅದರಲ್ಲಿ ಒಂದೂ ಗುರುತು ಸಿಗಲಿಲ್ಲ. ಉದ್ದಕ್ಕೆ, ಕಪ್ಪಗೆ, ಕಾಲಿಲ್ಲದ್ದು ಒಂದಿತ್ತು. ಎರೆಹುಳು ಎಂದು ಬರೆದೆ, ಅದನ್ನು ಹೊಡೆದುಹಾಕಿ ಕುರುಡು ಹಾವು ಎಂದು ಬರೆದೆ. ಕಾರಣದ ಜಾಗ ಖಾಲಿ ಬಿಟ್ಟೆ.

ಹೊರಗಿನಿಂದ ಪರೀಕ್ಷಕರಾಗಿ ಒಬ್ಬ ಮೇಡಂ ಬಂದಿದ್ದರು. ನಮ್ಮ ಮುಖ ನೋಡಿ, ಅದೇ ಸೀಸೆ ಎತ್ತಿ ನಮ್ಮ ಸರ್ ಕಡೆ ಹಿಡಿದು, ಸಹಜವಾಗಿ ಕೇಳಿದರು, “ಇದನ್ನ ಹೇಳಿಕೊಟ್ಟಿದೀರಾ ಸರ್?” ಸರ್ ಸೀಸೆ ತಿರುಗಿಸಿ ತಿರುಗಿಸಿ ನೋಡಿ, “ಕುರುಡು ಹಾವು, ಅದೇ, ಟಿಫ್ಲಾಪ್ಸ್” ಎಂದರು.

“ಇಕ್ತಿಯೋಫಿಸ್ ಮೇಡಂ” ಎಂದು ಬಾಗಿಲ ಬಳಿಯಿಂದ ಅಟೆಂಡರ್ ಅಣ್ಣ ಹೇಳಿದರು.

ಮೇಡಂ ತಲೆಯಾಡಿಸಿದರು. ಸರ್ ಕಿವಿ ಕೆಂಪಾಯಿತು. ಅಲ್ಲಿಗೆ ಆ ಮನುಷ್ಯನ ಲ್ಯಾಬಿನ ಕೆಲಸ ಮುಗಿಯಿತು ಎಂದು ನಮಗಾರಿಗೂ ಹೊಳೆಯಲಿಲ್ಲ.

ಸಂಜೆ ಸರ್ ನಮ್ಮ ಇಪ್ಪತ್ತೆರಡು ಜನರನ್ನೂ ಕರೆಸಿಕೊಂಡರು. ಪ್ರಿನ್ಸಿಪಾಲರಿಗೆ ದೂರು ಕೊಟ್ಟರೆ ಮೇಡಂ ಅವರನ್ನು ಒಪ್ಪಿಸಿ ಮತ್ತೆ ಪರೀಕ್ಷೆ ಮಾಡಿಸಬಹುದು ಎಂದರು. ಯಾರ ಅಕ್ಷರ ಚೆನ್ನಾಗಿದೆ ಎಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಸೀಸೆ ಬದಲಾಯಿಸಿದ್ದರಿಂದ ನಮಗೆ ಗೊಂದಲವಾಯಿತು ಎಂದು ಬರೆದೆ.

“ಅಷ್ಟು ಸಾಲ್ದು ಕಣಮ್ಮಾ. ಸೀಸೆ ಬದಲಾಯ್ಸೋದು ತಪ್ಪು ಅಂತ ಯಾರು ಒಪ್ತಾರೆ? ಆತನ ಕಣ್ಣು ಕೆಂಪಗಿತ್ತಾ ಇಲ್ವಾ?”

“ಇತ್ತು ಸಾರ್.”

“ಮತ್ತೆ? ಕುಡ್ದು ಬಂದು ಅದಲುಬದಲು ಮಾಡಿದಾನೆ. ಬರಿ.”

ಪೆನ್ನು ನಿಂತಿತು. ಪಕ್ಕದಲ್ಲಿದ್ದ ಸುಜಾತ ಕಿವಿಯಲ್ಲಿ, “ಬರಿಯೇ, ವರ್ಷ ಹೋಗ್ತದೆ” ಎಂದಳು. ನಾನು ಬರೆದೆ. ‘ಮದ್ಯಪಾನ ಮಾಡಿ ಪ್ರಯೋಗಾಲಯಕ್ಕೆ ಬಂದಿದ್ದು, ಕಣ್ಣುಗಳು ಕೆಂಪಾಗಿದ್ದವು’ ಎಂದು, ಗುಂಡಗೆ, ಸಾಲು ಡೊಂಕಾಗದಂತೆ. ಮೊದಲ ಸಹಿ ನನ್ನದು. ಉಳಿದ ಇಪ್ಪತ್ತೊಂದು ಜನ ಸಾಲಾಗಿ ನಿಂತು ಹಾಕಿದರು. ಪ್ರಾಣಿಯ ಗುರುತು ಹೇಳಿ ಕಾರಣ ಕೊಡಿ ಎಂದರೆ ಒಂದು ಸಾಲು ಬರೆಯಲಾಗದ ಇಪ್ಪತ್ತೆರಡು ಜನ, ಒಬ್ಬ ಮನುಷ್ಯನ ಮೇಲೆ ಗುರುತೂ ಹಾಕಿ ಕಾರಣವನ್ನೂ ಕೊಟ್ಟೆವು. ಒಂದು ವಾರ ಫಾರ್ಮಲಿನ್ ಹೊಗೆಯಲ್ಲಿ ಕೂತವನ ಕಣ್ಣು ಇನ್ನೇನು ಬೆಳ್ಳಗಿರುತ್ತದೆಯೇ? ಅವರ ಕೈ ಮೂಸಿ ಕಣ್ಣಲ್ಲಿ ನೀರು ಹಾಕಿಕೊಂಡ ಇಬ್ಬರು ಹುಡುಗಿಯರು ಅಲ್ಲೇ ಇದ್ದೆವು.

ಹದಿನೈದು ದಿನದಲ್ಲಿ ಮರುಪರೀಕ್ಷೆ ಎಂದು ನೋಟಿಸ್ ಬಂತು. ಅಟೆಂಡರ್ ಅಣ್ಣನನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದರು. ಗಂಟೆ ಹೊಡೆಯುವುದು, ಗೇಟು ತೆಗೆಯುವುದು. ಲ್ಯಾಬಿನ ಬೀಗದ ಕೈ ಕಿತ್ತುಕೊಂಡರು. ಕುಡಿಯುವವನ ಕೈಗೆ ಕೆಮಿಕಲ್ ಕೊಡಬಾರದಂತೆ.

ಮಾರನೇ ದಿನ ನಾನು ತಲೆ ತಗ್ಗಿಸಿ ಗೇಟು ದಾಟುತ್ತಿದ್ದೆ.

“ಬಾಮ್ಮಾ ಇಲ್ಲಿ.”

ಹೋದೆ.

“ಕಾಗದ ತೋರ್ಸಿದ್ರು. ವರ್ಷಪೂರ್ತಿ ನಿನ್ ರೆಕಾರ್ಡ್ ಹೊತ್ತಿದೀನಿ. ನಿನ್ನ ಅಕ್ಷರದ ಗುರುತು ಹಿಡಿಯೋಕೆ ನಂಗೆ ಲೇಬಲ್ ಬೇಕಾ?”

ನಾನು ಅಳಲು ಶುರುಮಾಡಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು.

“ಅಳಬೇಡ, ನಂಗೆ ಆಗಲ್ಲ. ಬರ್ದಿದ್ದು ಬರ್ದೆ. ಈಗ ನೀನು ಫೇಲಾದ್ರೆ ನನ್ನ ಲ್ಯಾಬ್ ಹೋಗಿದ್ದೂ ದಂಡ. ಕೂತ್ಕೋ.”

ಹದಿನಾಲ್ಕು ದಿನ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕಲಿತೆ. ಸೀಸೆ ಒಂದೂ ಇರಲಿಲ್ಲ, ಅವರಿಗೆ ಮುಟ್ಟುವ ಹಕ್ಕಿರಲಿಲ್ಲ. ನಲ್ಲಿಯ ಕೆಸರಿನಿಂದ ಎರೆಹುಳು ತೆಗೆದರು, ಗೋಡೆಯ ಹಲ್ಲಿ ತೋರಿಸಿದರು, ಚರಂಡಿಯ ಕಪ್ಪೆ ಹಿಡಿದು ತಂದರು. ಮನೆಯಿಂದ ಕೋಳಿಯ ರೆಕ್ಕೆಯ ಮೂಳೆ, ಮೇಕೆಯ ಮುಂಗಾಲಿನ ಮೂಳೆ ಬೇಯಿಸಿ ತೊಳೆದು ಪೇಪರಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕೈಯ ಪಕ್ಕ ಇಟ್ಟರು. “ಮೇಲೆ ಒಂದು, ಕೆಳಗೆ ಎರಡು, ಆಮೇಲೆ ಸಣ್ಣವು. ಎಣಿಸು. ಹಾರೋದಕ್ಕೂ ಅದೇ, ನಡೆಯೋದಕ್ಕೂ ಅದೇ, ಸುಳ್ಳು ಬರೆಯೋದಕ್ಕೂ ಅದೇ.” ದಿನಕ್ಕೊಂದು ಸಲ ಹೀಗೆ ಚುಚ್ಚದೆ ಬಿಡುತ್ತಿರಲಿಲ್ಲ. ಇಕ್ತಿಯೋಫಿಸ್‌ಗೆ ತಮ್ಮ ಬೆರಳನ್ನೇ ತೋರಿಸಿದರು.

“ಮೀನು ಕೆರೆಯುವಾಗ ಉದುರ್ತದಲ್ಲ ಪೊಲುಸು, ಹಾವಿನ ಮೈಮೇಲೆ ಅದು ಕಾಣ್ತದೆ. ಇದರ ಮೇಲೆ ಐತಾ? ಇಲ್ಲ, ಬೆರಳಿನ ಥರ ಬರೀ ಗೆರೆ. ಎರೆಹುಳು ಅಂತೀಯಾ, ಬಾಯಿ ಬಿಡಿಸಿ ನೋಡು, ದವಡೆ ಐತೆ, ಹಲ್ಲೈತೆ. ಇದು ಕಪ್ಪೆಗಳ ಕಡೇದು. ಇದರ ಹಿರೀಕರಿಗೆ ಕಾಲಿತ್ತು. ಮಣ್ಣೊಳಗೆ ಸೇರ್ಕೊಂಡ ಮೇಲೆ ಹೋಯ್ತು, ಕಣ್ಣೂ ಮುಚ್ಚೋಯ್ತು. ಕಾಲು ಹೋದ್ರೂ ನೆಂಟಸ್ತನ ಹೋಗಲ್ಲಮ್ಮಾ.”

ಮರುಪರೀಕ್ಷೆಯಲ್ಲಿ ಇಡೀ ಬ್ಯಾಚಿಗೆ ಹೆಚ್ಚು ಅಂಕ ನನಗೆ ಬಂತು. ಅಪ್ಪ ಗಂಡಿನ ಮಾತು ಕೈಬಿಟ್ಟರು. ಎಂ.ಎಸ್ಸಿ. ಆಯಿತು, ಬಿ.ಎಡ್. ಆಯಿತು, ಕೆಲಸ ಆಯಿತು. ಅವರು ನಿವೃತ್ತಿಯವರೆಗೂ ಗಂಟೆ ಹೊಡೆದರು. ಇನ್ನೆರಡು ವರ್ಷ ನಾನು ದಿನಾ ಅದೇ ಗೇಟು ದಾಟಿದೆ. ಪ್ರಿನ್ಸಿಪಾಲರ ಕೋಣೆ ಅಲ್ಲಿಂದ ಮೂವತ್ತು ಹೆಜ್ಜೆ. ಒಳಗೆ ಹೋಗಿ ಸಾರ್, ಅದು ಸುಳ್ಳು ಎಂದು ಹೇಳಲು ಎರಡು ನಿಮಿಷ ಸಾಕಾಗಿತ್ತು. ಹೋಗಲಿಲ್ಲ. ಅವರೂ ಹೋಗು ಅನ್ನಲಿಲ್ಲ, ಅದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಊರಿಗೆ ಹೋದೆ. ಮಾವಿನ ತೋಪು ದಾಟಿ ಸಣ್ಣ ಮನೆ. ಬ್ಯಾಚಿನವರು ಯಾರೂ ಬಂದಿರಲಿಲ್ಲ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅವರ ಹತ್ತಿರ ಓದಿದವಳು ಎಂದೆ. ಓದಿಸಿದ್ದು ಅವರೇ ಎನ್ನುವುದು ನಿಜವಾದ್ದರಿಂದ ಹಾಗೆಯೇ ಹೇಳಿದೆ.

“ಆಯಪ್ಪ ಕುಡೀತಿದ್ದ ಅಂತ ಫೋನಲ್ಲಿ ಹಾಕವ್ರಂತೆ. ಯಾರೋ ಕಳ್ಸಿದ್ರು, ಮೊಮ್ಮಗಳು ಓದಿ ಹೇಳಿದ್ಳು. ಮೂವತ್ತು ವರ್ಷ ಮಗ್ಗುಲಲ್ಲಿ ಮಲಗಿದೀನಮ್ಮಾ, ಆ ಔಷಧಿ ವಾಸನೆ ಬಿಟ್ಟು ಇನ್ನೊಂದು ವಾಸನೆ ಕಂಡಿಲ್ಲ. ಆ ಕಾಗದ ಬರ್ದೋರು ಯಾರು ಅಂತ ಎಷ್ಟು ಸಲ ಕೇಳಿದೀನಿ. ಗೊತ್ತು, ಹೇಳಲ್ಲ ಅಂದ. ಸಾಯೋವರ್ಗೂ ಹೇಳ್ಲಿಲ್ಲ.”

“ನಾನೇ ಬರೆದಿದ್ದು ಅಮ್ಮಾ” ಎಂದೆ.

ಆಕೆ ಬೈಯಲಿಲ್ಲ. ಎದ್ದು ಒಳಗೆ ಹೋಗಿ ಮೊಮ್ಮಗಳ ಶಾಲೆಯ ನೋಟ್‌ಬುಕ್ಕು, ಪೆನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು.

“ಅದನ್ನ ಬರ್ದ್ಯಲ್ಲ, ಇದನ್ನೂ ಬರಿ.”

ಬರೆದೆ. ಅವರು ಕುಡಿಯುತ್ತಿರಲಿಲ್ಲ. ಕಣ್ಣು ಕೆಂಪಗಿದ್ದದ್ದು ನಿಜ. ಕಾರಣ, ನಮ್ಮ ಪರೀಕ್ಷೆಗೆಂದು ಒಂದು ವಾರ ಫಾರ್ಮಲಿನ್‌ನಲ್ಲಿ ಕೈಯಿಟ್ಟು ಕೂತಿದ್ದು. ಸುಳ್ಳು ಹೇಳಿಸಿದವರು ಯಾರು, ಬರೆದವಳು ಯಾರು, ಸಹಿ ಹಾಕಿದವರು ಎಷ್ಟು ಜನ, ಎಲ್ಲವನ್ನೂ ಬರೆದು ಸಹಿ ಹಾಕಿದೆ. ಮೊಮ್ಮಗಳು ಗಟ್ಟಿಯಾಗಿ ಓದಿದಳು. ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಹೊರಗೆ ಊಟದ ಪಂಕ್ತಿ ಕೂರುತ್ತಿತ್ತು.

“ಆವತ್ತು ಎಷ್ಟು ಜನ ಸೈನ್ ಹಾಕಿದ್ರಿ?”

“ಇಪ್ಪತ್ತೆರಡು.”

“ಇದಕ್ಕೂ ಅಷ್ಟು ಜನದ್ದು ಹಾಕಿಸ್ಕೊಂಡು ಬಾ. ಆವಾಗ ನಿಂಗೆ ಎಲೆ ಹಾಕ್ತೀನಿ.”

ಊಟ ಮಾಡದೆ ಎದ್ದುಬಂದೆ. ಬಸ್ಸಿನಲ್ಲೇ ಆ ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಸಂಜೆಯೊಳಗೆ ಎಲ್ಲರೂ ನೋಡಿದ್ದರು, ಒಬ್ಬರೂ ಮಾತಾಡಲಿಲ್ಲ. ಸುಜಾತ ಮಾತ್ರ ಬೇರೆಯಾಗಿ ಬರೆದಳು, ‘ಹೋದವರ ವಿಷಯ ಈಗ್ಯಾಕೆ ಕೆದಕ್ತೀಯ ಕಣೇ?’ ಮಾರನೇ ಬೆಳಗ್ಗೆ ಸರ್ ಎಂದಿನಂತೆ ಸುಭಾಷಿತ ಕಳಿಸಿದರು. ಸತ್ಯದ ಬಗ್ಗೆ ಇತ್ತು. ಹೃದಯದ ಗುರುತುಗಳು ಬಿದ್ದವು.

ಹಾಳೆ ನನ್ನ ಬ್ಯಾಗಿನಲ್ಲಿದೆ. ನನ್ನ ಸಹಿಯ ಕೆಳಗೆ ಸ್ಕೇಲಿಟ್ಟು ಇಪ್ಪತ್ತೊಂದು ಗೆರೆ ಎಳೆದಿದ್ದೇನೆ. ಫೋನಿನಲ್ಲಿ ಉತ್ತರ ಕೊಡದವರ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೇನೆ, ಒಬ್ಬೊಬ್ಬರದೂ. ನಾಳೆ ಭಾನುವಾರ. ಸುಜಾತಳ ಮನೆ ಮುಳಬಾಗಿಲಿನಲ್ಲಿ, ಮೊದಲ ಬಸ್ಸು ಆರೂವರೆಗೆ.